ನರರೋಗ ವಿಜ್ಞಾನಿ ಶಾರ್ಕೋ

ಝಾನ್ ಮಾರ್ಟಿನ್ ಶಾರ್ಕೋ 1825ರ ನವೆಂಬರ್ 29ರಂದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಜನಿಸಿದನು. ಕುದುರೆಗಾಡಿಗಳನ್ನು ತಯಾರಿಸುವುದು ಅವನ ತಂದೆಯ ವೃತ್ತಿಯಾಗಿತ್ತು. ಮಗನು ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1862ರಲ್ಲಿ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಹಿರಿಯ ವೈದ್ಯನಾದನು. ಅಲ್ಲಿ ಸಾವಿರಾರು ಮಂದಿ ಬಡ ಸ್ತ್ರೀಯರು ವಾಸಿಯಾಗದ ವ್ಯಾಧಿಗಳಿಂದ ನರಳುತ್ತಿದ್ದರು. ಶಾರ್ಕೋ ಅವರನ್ನು ವರ್ಷಗಟ್ಟಲೆ ತಾಳ್ಮೆಯಿಂದ ಗಮನಿಸಿದನು. ಮೃತರಾದವರ ಮಿದುಳು ಮತ್ತು ಬೆನ್ನುಹುರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು.

ಕೈಕಾಲು ನಡುಗುವ ರೋಗಗಳನ್ನು ಆಗ ಒಂದರಿಂದೊಂದು ಬೇರ್ಪಡಿಸುವುದು ಕಷ್ಟವಾಗಿತ್ತು. ಕೆಲವರ ಕೈ ಸುಮ್ಮನಿರುವಾಗ ನಡುಗುತ್ತದೆ. ಇನ್ನು ಕೆಲವರದು ವಸ್ತುವನ್ನು ಹಿಡಿಯಲು ಹೋದಾಗ ಮಾತ್ರ ನಡುಗುತ್ತದೆ. ಈ ಭೇದವನ್ನು ಶಾರ್ಕೋ ಎತ್ತಿ ತೋರಿಸಿದನು. ಎರಡನೆಯ ಬಗೆಯ ರೋಗಿಗಳ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಗಡುಸಾದ ಮಚ್ಚೆಗಳು ಅಲ್ಲಲ್ಲಿ ಹರಡಿದ್ದುವು. ನರತಂತುಗಳನ್ನು ಆವರಿಸುವ ಮಯಲಿನ್ ಎಂಬ ಹೊದಿಕೆ ಅಲ್ಲಿ ನಾಶವಾಗಿತ್ತು. ಈ ವ್ಯಾಧಿಯನ್ನು ಅವನು 1868ರಲ್ಲಿ ತನ್ನ ಉಪನ್ಯಾಸಗಳಲ್ಲಿ ವಿವರಿಸಿದನು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಇಂದು ಕರೆಯುವುದು ಇದನ್ನೇ.

ಅವನ ಮನೆಯ ಪರಿಚಾರಿಕೆಯೊಬ್ಬಳಿಗೆ ನಡುಕದ ರೋಗವಿತ್ತೆಂದು ಶಿಷ್ಯನಾದ ಫ್ರಾಯ್ಡ್ ಬರೆದಿದ್ದಾನೆ. ಆಕೆಯ ಕೈಯಿಂದ ಜಾರಿ ಬಿದ್ದು ಒಡೆದ ತಟ್ಟೆಗಳು ಹಲವು. ಆದರೂ ಶಾರ್ಕೋ ಆಕೆಯನ್ನು ಕೆಲಸದಿಂದ ಬಿಡಿಸಲಿಲ್ಲ. ಆಕೆ ತೀರಿಕೊಂಡ ಬಳಿಕ ನಡೆಸಿದ ಪರೀಕ್ಷೆಯಲ್ಲಿ ಅದೇ ಮಚ್ಚೆಗಳು ಕಂಡುಬಂದುವು.

1882ರಲ್ಲಿ ಶಾರ್ಕೋವಿಗಾಗಿ ನರರೋಗಗಳ ಪ್ರಾಧ್ಯಾಪಕ ಪೀಠವೊಂದು ಸ್ಥಾಪಿತವಾಯಿತು. ದೇಶದೇಶಗಳ ವಿದ್ಯಾರ್ಥಿಗಳು ಅವನಲ್ಲಿಗೆ ಬಂದರು. ಆದರೆ ತಾನು ಗುರುತಿಸಿದ ರೋಗಕ್ಕೆ ಔಷಧವನ್ನು ಕಾಣದೆಯೇ ಅವನು 1893ರ ಆಗಸ್ಟ್ 16ರಂದು ನಿಧನನಾದನು. ಆ ವ್ಯಾಧಿಯ ಮರುಕಳಿಕೆಯನ್ನು ತಗ್ಗಿಸುವ ಇಂಟರ್‌ಫೆರಾನ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1993ರಲ್ಲಿ, ಸರಿಯಾಗಿ ನೂರು ವರ್ಷಗಳ ಅನಂತರ. ರೋಗವನ್ನು ಗೆಲ್ಲುವ ಮೊದಲು ಅದನ್ನು ಅರಿಯಬೇಕು. ಆ ಮೊದಲ ಹೆಜ್ಜೆಯನ್ನು ಶಾರ್ಕೋ ಇಟ್ಟಿದ್ದನು.