ಮೂಲೆಗೊಂದು ಹೂವಿರುವ ಕೌದಿ

ಅಮೆರಿಕದಲ್ಲಿ ಕೈಹೊಲಿಗೆಯ ಹುಚ್ಚಿರುವವರ ನಡುವೆ ಈಚಿನ ವರ್ಷಗಳಲ್ಲಿ ‘ಕವಂದಿ’ ಎಂಬ ಹೆಸರು ಓಡಾಡುತ್ತಿದೆ. ಬಟ್ಟೆಯ ಚೂರುಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ಕೂರಿಸಿ ಹೊಲಿದ ಅಂಗೈಯಗಲದ ಹಾಸು ಅದು. ಕೆಲವರು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ, ಕೆಲವರು ಕಾಫಿ ಲೋಟದ ಕೆಳಗಿಡುತ್ತಾರೆ. ಇದ್ಯಾವ ದೇಶದ್ದೋ ಎಂದುಕೊಳ್ಳುವ ಕನ್ನಡದ ಮಕ್ಕಳು ಅದನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿದರೆ ಸಾಕು, “ಅಯ್ಯೋ, ಇದು ನಮ್ಮ ಕೌದಿ ಕಣಪ್ಪಾ!” ಎಂದಾರು.

ಆ ಅಜ್ಜಿ ಕುಣಿಗಲ್ ತಾಲ್ಲೂಕಿನ ಯಡಿಯೂರಿನವರು ಎಂದಿಟ್ಟುಕೊಳ್ಳೋಣ. ಸಿದ್ಧಲಿಂಗೇಶ್ವರನ ತೇರಿಗೆ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಗಾಡಿಯ ಹುಲ್ಲಿನ ಮೇಲೆ ಹಾಸಲು, ರಾತ್ರಿ ಬಯಲಲ್ಲಿ ಹೊದೆಯಲು ಇಂಥದ್ದೊಂದು ಬೇಕೇ ಬೇಕಿತ್ತು. ಸವೆದ ಸೀರೆ, ಹರಿದ ಪಂಚೆ, ಮೊಮ್ಮಗಳಿಗೆ ಗಿಡ್ಡವಾದ ಲಂಗ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು.

ಆದರೆ ಕಡಲು ದಾಟಿದ್ದು ಯಡಿಯೂರಿನ ಕೌದಿಯಲ್ಲ. ಆ ಕವಂದಿಯ ಊರು ಉತ್ತರ ಕನ್ನಡ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಮಕ್ಕಳ ಮಕ್ಕಳು ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿದ್ದಾರೆ, ಕನ್ನಡ, ಕೊಂಕಣಿ ಆಡುತ್ತಾರೆ. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿತು.

ಸಿದ್ದಿ ಹೆಂಗಸರ ಹೊಲಿಗೆಯಲ್ಲಿ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ, ಯಂತ್ರವೂ ಇಲ್ಲ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ ಮೂಲೆಯಿಂದ ಶುರುಮಾಡುತ್ತಾರೆ. ಚೂರಿನ ಅಂಚನ್ನು ಬೆರಳಲ್ಲೇ ಒಳಗೆ ಮಡಿಸಿ, ಸೂಜಿ ಮೇಲೆದ್ದು ಕೆಳಗೆ ಮುಳುಗುತ್ತ ಹೋಗುವ ಸಾದಾ ಹೊಲಿಗೆ ಹಾಕುತ್ತಾರೆ. ಚೂರುಗಳನ್ನು ಮೊದಲು ಜೋಡಿಸಿಕೊಂಡು ಆಮೇಲೆ ಅಡಿಬಟ್ಟೆಗೆ ಹೊಲಿಯುವ ಎರಡು ಕೆಲಸ ಇಲ್ಲಿಲ್ಲ, ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ಅಂಚು ಹಿಡಿದು ಸುತ್ತು ಬಂದು, ಇನ್ನೊಂದು ಸುತ್ತು ಒಳಗೆ, ಮತ್ತೊಂದು ಅದರೊಳಗೆ, ಹೀಗೆ ನಡುವಿಗೆ ಬಂದಾಗ ಕೌದಿ ಮುಗಿದಿರುತ್ತದೆ. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಹೊಲಿಯುವಾಗಲೇ ತೀರ್ಮಾನ. ಕೆಂಪು ತೇಪೆಯ ಮೇಲೆ ಬೊಟ್ಟಿಟ್ಟಂತೆ ಹಳದಿಯ ಪುಟ್ಟ ಚೂರು ಬಂದು ಕೂತರೆ ಅದಕ್ಕೆ ಕಾರಣ ಕೇಳುವಂತಿಲ್ಲ, ಚೆಂದ ಕಂಡಿತು, ಅಷ್ಟೇ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಇಣುಕುವುದುಂಟು. ತೊಟ್ಟಿಲಿಗೆಂದು ಹೊಲಿಯುವ ಪುಟಾಣಿ ಕೌದಿಗಳಿಗಂತೂ ಬಣ್ಣದ ಬಡತನವೇ ಇಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಕಂಡು ಬೆರಗಾದರು. 2004ರಲ್ಲಿ ಅವರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆ ಏರಿದವು. ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಸಿದ್ದಿಯರ ಊರಿಗೇ ಬಂದು ಕಲಿತು ಹೋಗಿ, ಅಲ್ಲಿನವರಿಗೆ ಕಲಿಸಿದರು. ಹಾಸಿಗೆಯಗಲ ಹೊಲಿಯುವಷ್ಟು ಪುರುಸೊತ್ತು ಅಲ್ಲಿ ಎಲ್ಲರಿಗೂ ಎಲ್ಲಿಂದ ಬರಬೇಕು? ಕೌದಿ ಕುಗ್ಗಿ ಅಂಗೈಗಿಳಿಯಿತು. ಮಣಿ, ಗುಂಡಿ, ಬಣ್ಣದ ದಾರ ಹತ್ತಿಸಿ ಅಲಂಕರಿಸುವವರೂ ಇದ್ದಾರೆ.

ಇಂಥ ಪುಟ್ಟ ಕೌದಿಗೆ ಮಕ್ಕಳು ಕೈ ಹಾಕುವುದಾದರೆ ಆರಿಂಚಿನ ಚೌಕ ಧಾರಾಳವಾಯಿತು. ಬಟ್ಟೆ ಮಾತ್ರ ಹತ್ತಿಯದಿರಲಿ, ಜಾರುವ ನೈಲಾನಿನ ಮಡಿಕೆ ನಿಲ್ಲುವುದಿಲ್ಲ. ಅಮ್ಮನ ಹಳೆಯ ಸೀರೆಗೆ ಕತ್ತರಿ ಹಾಕುವ ಮುನ್ನ ಒಂದು ಮಾತು ಕೇಳುವುದು ಒಳ್ಳೆಯದು. ನಾಲ್ಕು ಮೂಲೆಗೂ, ಚೂರನ್ನು ಮಡಿಸಿ ಮಡಿಸಿ ಮಾಡಿದ ಮುಮ್ಮೂಲೆಯ ‘ಹೂವು’ ಇಟ್ಟು ಹೊಲಿಯಬೇಕು. ಅದಿಲ್ಲದ ಕೌದಿ ಸಿದ್ದಿ ಅಜ್ಜಿಯರ ಕಣ್ಣಿಗೆ ಬೆತ್ತಲೆ.