ಮೀನಿನ ಹೊಟ್ಟೆ ಸೀಳಿ ಕೆರೆಯ ಲೆಕ್ಕ ಹಿಡಿದ ಸ್ಟೀಫನ್ ಫೋರ್ಬ್ಸ್



ಮುಸುಕಿನ ಜೋಳದ ಬೇರಿಗೆ ಹುಳು ಬಿದ್ದರೆ ಬೆಳೆ ಬದಲಾಯಿಸಿ ಎಂದು ರೈತರಿಗೆ ಹೇಳಿದವರೂ, ಕೆರೆಯಲ್ಲಿ ಮೀನು ಏಕೆ ಹೆಚ್ಚುತ್ತದೆ, ಏಕೆ ಕುಗ್ಗುತ್ತದೆ ಎಂದು ಜೀವಮಾನವೆಲ್ಲ ಲೆಕ್ಕವಿಟ್ಟವರೂ ಒಬ್ಬರೇ ಎಂದರೆ ನೀವು ನಂಬುತ್ತೀರಾ? ಅಮೆರಿಕದ ಇಲಿನಾಯ್ ರಾಜ್ಯದ ಸ್ಟೀಫನ್ ಆಲ್ಫ್ರೆಡ್ ಫೋರ್ಬ್ಸ್ ಅಂಥವರು. ಅವರೂ ಒಕ್ಕಲು ಮನೆತನದವರೇ.

ಫೋರ್ಬ್ಸ್ ಹುಟ್ಟಿದ್ದು 1844ರ ಮೇ 29ರಂದು, ಸಿಲ್ವರ್ ಕ್ರೀಕ್ ಎಂಬ ಊರಿನಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಹೆನ್ರಿ ಮನೆಯ ಭಾರ ಹೊತ್ತು ತಮ್ಮನನ್ನು ಓದಿಸಿದರು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಹದಿನೇಳರ ಹರೆಯದಲ್ಲೇ ಫೋರ್ಬ್ಸ್ ಕುದುರೆ ದಳ ಸೇರಿದರು. 1862ರಲ್ಲಿ ಶತ್ರುಗಳ ಕೈಗೆ ಸಿಕ್ಕಿ ನಾಲ್ಕು ತಿಂಗಳು ಸೆರೆಮನೆಯಲ್ಲಿ ಕಳೆದರು. ಅಲ್ಲಿಯೂ ಸುಮ್ಮನೆ ಕೂರದೆ ಪುಸ್ತಕ ಹಿಡಿದು ಗ್ರೀಕ್ ಭಾಷೆ ಕಲಿತರಂತೆ. ಇಪ್ಪತ್ತನೆಯ ವಯಸ್ಸಿಗೆ ಕ್ಯಾಪ್ಟನ್ ಆದರು. ಯುದ್ಧ ಮುಗಿದ ಮೇಲೆ ವೈದ್ಯ ವಿದ್ಯೆ ಕಲಿಯಲು ಹೋಗಿ ಅರ್ಧಕ್ಕೇ ಬಿಟ್ಟರು, ಶಾಲೆಗಳಲ್ಲಿ ಪಾಠ ಹೇಳಿದರು, ಗಿಡಮರ ಹುಳುಹುಪ್ಪಟೆಗಳನ್ನು ನೋಡುತ್ತ ಊರೂರು ಅಲೆದರು. 1872ರಲ್ಲಿ ನಾರ್ಮಲ್ ಎಂಬ ಊರಿನ ವಸ್ತುಸಂಗ್ರಹಾಲಯದ ಹೊಣೆ ಅವರಿಗೆ ಬಂತು. ಪದವಿಯ ಮೆಟ್ಟಿಲನ್ನೇ ಹತ್ತದಿದ್ದ ಈ ಮನುಷ್ಯನಿಗೆ 1884ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ನೇರವಾಗಿ ಡಾಕ್ಟರೇಟ್ ಕೊಟ್ಟಿತು.

1882ರಲ್ಲಿ ಅವರು ರಾಜ್ಯದ ಕೀಟ ತಜ್ಞರಾದರು. ಮುಸುಕಿನ ಜೋಳದ ಬೇರು ತಿನ್ನುವ ಹುಳುವಿನ ದುಂಬಿ ಬೇಸಿಗೆಯ ಕೊನೆಯಲ್ಲಿ ಅದೇ ಹೊಲದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಮರುವರ್ಷ ಅಲ್ಲಿ ಮತ್ತೆ ಮುಸುಕಿನ ಜೋಳವನ್ನೇ ಹಾಕಿದರೆ ಮರಿಹುಳುವಿಗೆ ಹಬ್ಬ. ಬೇರೆ ಬೆಳೆ ಹಾಕಿದರೆ ಉಪವಾಸ. ಇದನ್ನು ಕಂಡುಕೊಂಡು ಬೆಳೆ ಸರದಿ ಅನುಸರಿಸಿ ಎಂದು ಅವರು ಸಲಹೆ ಕೊಟ್ಟರು. ಸೇಬಿನ ತೋಟವೊಂದಕ್ಕೆ ಎಲೆ ತಿನ್ನುವ ಹುಳು ಮುತ್ತಿದಾಗ ಅಲ್ಲಿನ ಹಕ್ಕಿಗಳನ್ನು ಹೊಡೆಸಿ, ಹೊಟ್ಟೆಯೊಳಗೆ ಏನಿದೆ ಎಂದು ನೋಡಿದರು. ಬೇರೆ ಕಡೆ ಬೇರೆ ಆಹಾರ ತಿನ್ನುವ ಹಕ್ಕಿಗಳೂ ಆ ತೋಟದಲ್ಲಿ ಅದೇ ಹುಳುವಿಗೆ ಬಾಯಿ ಹಾಕಿದ್ದವು. ಒಂದು ಜೀವಿ ಮಿತಿಮೀರಿದಾಗ ಉಳಿದವು ಅದನ್ನು ಹೇಗೆ ತಗ್ಗಿಸುತ್ತವೆ ಎಂಬುದು ಅವರ ತಲೆಯಲ್ಲಿ ಕುಳಿತದ್ದು ಹೀಗೆ.

ಇದೇ ಪ್ರಶ್ನೆಯನ್ನು ಅವರು ನೀರಿಗೂ ಹಾಕಿದರು. ಹೊಲದಲ್ಲಿ ಬೆಳೆಯನ್ನು ಕಣ್ಣಾರೆ ನೋಡಬಹುದು, ನೀರೊಳಗಿನ ಮೀನನ್ನು ಎಣಿಸುವುದು ಹೇಗೆ? ಬಲೆಗೆ ಸಿಕ್ಕಿದ್ದೇ ಸಾಕ್ಷಿ. ಫೋರ್ಬ್ಸ್ ಮತ್ತು ಅವರ ಸಹಾಯಕರು ಹಳ್ಳ, ಹೊಳೆ, ಕೆರೆಗಳಲ್ಲಿ ಬಲೆ ಎಳೆದರು. ಸಾವಿರಕ್ಕೂ ಮೀರಿ ಮೀನುಗಳ ಹೊಟ್ಟೆ ಸೀಳಿ, ತಿಂದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚೂರುಚೂರಾಗಿ ಗುರುತಿಸಿದರು. ಬೇಸರದ ಕೆಲಸ, ವಾಸನೆಯ ಕೆಲಸ. ಆದರೆ ಅದರಿಂದ ಹೊರಬಿದ್ದ ಒಂದು ಸಂಗತಿಯನ್ನು ಮೀನು ಸಾಕುವ ನೀವು ಗಮನಿಸಬೇಕು. ದೊಡ್ಡದಾದ ಮೇಲೆ ಒಂದು ಮೀನು ಮೀನನ್ನೇ ತಿನ್ನಲಿ, ಇನ್ನೊಂದು ಕೆಸರು ಕೆದಕಲಿ, ಮೊಟ್ಟೆಯೊಡೆದ ಹೊಸದರಲ್ಲಿ ಬಹುಪಾಲು ಎಲ್ಲ ಮರಿಗಳೂ ತಿನ್ನುವುದು ಕಣ್ಣಿಗೆ ಕಾಣದಂಥ ನೀರಿನ ಕಿರುಜೀವಿಗಳನ್ನೇ. ಆ ಸಣ್ಣ ಕಾಲದಲ್ಲಿ ಎಲ್ಲರೂ ಎಲ್ಲರಿಗೂ ದಾಯಾದಿಗಳು. ಕಿರುಜೀವಿ ಕಡಿಮೆಯಾದ ವರ್ಷ ದೊಡ್ಡ ಮೀನು ಎಷ್ಟೇ ಮೊಟ್ಟೆ ಇಟ್ಟಿರಲಿ, ಮರಿ ಉಳಿಯುವುದಿಲ್ಲ.

1887ರ ಫೆಬ್ರವರಿಯಲ್ಲಿ ಪಿಯೋರಿಯಾ ನಗರದ ವಿಜ್ಞಾನ ಸಂಘದ ಮುಂದೆ ಅವರು ಓದಿದ ಪ್ರಬಂಧ ಹೆಸರಾದದ್ದು ಇದೇ ಕಾರಣಕ್ಕೆ. ಕೆರೆಯೆಂದರೆ ತನ್ನಷ್ಟಕ್ಕೆ ಒಂದು ಪುಟ್ಟ ಜಗತ್ತು, ಅದರ ಒಂದು ಮೀನನ್ನು ತಿಳಿಯಬೇಕಾದರೆ ಅದು ತಿನ್ನುವುದನ್ನು, ಅದನ್ನು ತಿನ್ನುವುದನ್ನು, ಅದರ ಪಾಲಿಗೆ ಪೈಪೋಟಿಗೆ ಬರುವುದನ್ನು ಎಲ್ಲ ತಿಳಿಯಬೇಕು ಎಂಬುದು ಅದರ ಸಾರ. ಬ್ಲ್ಯಾಕ್ ಬಾಸ್ ಎಂಬ ಮೀನನ್ನು ಹಿಡಿದು ಅವರು ಇದನ್ನು ಬಿಡಿಸಿ ತೋರಿಸಿದರು. ನೀರಿನ ಕಿರುಜೀವಿಗಳನ್ನು ಹಿಡಿದು ತಿನ್ನುವ ಒಂದು ಜಾತಿಯ ಜೊಂಡು ಕೂಡ ಆ ಮೀನಿನ ಮರಿಗೆ ಎದುರಾಳಿಯೇ! ಇಂದು ಪರಿಸರ ವಿಜ್ಞಾನ ಎಂದು ಕರೆಯುವುದಕ್ಕೆ ಬುನಾದಿ ಹಾಕಿದ ಬರಹಗಳಲ್ಲಿ ಇದನ್ನೂ ಎಣಿಸುತ್ತಾರೆ.

1894ರಲ್ಲಿ ಇಲಿನಾಯ್ ನದಿಯ ದಡದ ಹವಾನಾ ಎಂಬ ಊರಿನಲ್ಲಿ ಅವರು ಜಲಜೀವಿಗಳ ಸಂಶೋಧನಾ ಕೇಂದ್ರ ತೆರೆದರು. ಮುಂದೆ ತೇಲುವ ಪ್ರಯೋಗಾಲಯವನ್ನೇ ಕಟ್ಟಿಸಿದರು. ಈ ನದಿಯ ಎರಡೂ ಮಗ್ಗುಲಿಗೆ ತಗ್ಗಿನ ಕೆರೆಗಳ ಸಾಲೇ ಇತ್ತು. ನೆರೆ ಬಂದಾಗ ನದಿಯೂ ಕೆರೆಯೂ ಒಂದಾಗಿ ಮೀನು ಕೆರೆಗೆ ನುಗ್ಗಿ ಮೊಟ್ಟೆ ಇಡುತ್ತಿತ್ತು, ನೀರು ಇಳಿದಾಗ ಮರಿ ನದಿಗೆ ಇಳಿಯುತ್ತಿತ್ತು. ಒಂದು ಸಲ ಎಣಿಸಿ ಬಿಟ್ಟರೆ ಏನೂ ತಿಳಿಯದು, ಅದೇ ಜಾಗಕ್ಕೆ ವರ್ಷವರ್ಷವೂ ಬರಬೇಕು ಎಂಬುದನ್ನು ಫೋರ್ಬ್ಸ್ ಅರಿತಿದ್ದರು. ರಾಜ್ಯದ ಮೂಲೆಮೂಲೆಯ ಮೀನುಗಳನ್ನು ಕೂಡಿಸಿ, ಯಾವ ಜಾತಿ ಎಲ್ಲೆಲ್ಲಿ ಸಿಕ್ಕಿತು ಎಂದು ನಕ್ಷೆಯ ಮೇಲೆ ಗುರುತು ಹಾಕಿ, ರಾಬರ್ಟ್ ರಿಚರ್ಡ್‌ಸನ್ ಅವರೊಡನೆ 1908ರಲ್ಲಿ ಇಲಿನಾಯ್ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು.

ಆ 1908ರಲ್ಲೇ ಇಲಿನಾಯ್ ನದಿಯಿಂದ ಸುಮಾರು 11 ಸಾವಿರ ಟನ್ ಮೀನು ಮಾರುಕಟ್ಟೆಗೆ ಬಂತು. ಅದರಲ್ಲಿ ದೊಡ್ಡ ಪಾಲು ಯೂರೋಪಿನಿಂದ ತಂದು ಬಿಟ್ಟಿದ್ದ ಸಾಮಾನ್ಯ ಗೆಂಡೆ. ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯೂ ಇದೇ ಜಾತಿ. ಎಲ್ಲರೂ ಹಿಗ್ಗಿದ್ದರು. ಆದರೆ ಅದಕ್ಕೆ ಎಂಟು ವರ್ಷ ಮೊದಲು, 1900ರ ಜನವರಿಯಲ್ಲಿ, ಷಿಕಾಗೋ ನಗರದ ಕೊಳಚೆಯನ್ನೆಲ್ಲ ಈ ನದಿಗೆ ತಿರುಗಿಸುವ ಕಾಲುವೆ ತೆರೆದಿತ್ತು. ಮೊದಮೊದಲು ನಡುನದಿಯಲ್ಲಿ ನೀರೂ ಹೆಚ್ಚಿತು, ಕೊಳಚೆಯೇ ಗೊಬ್ಬರವಾಗಿ ಕಿರುಜೀವಿಗಳೂ ಹೆಚ್ಚಿದವು. ಗೊಬ್ಬರ ಹದವಾಗಿದ್ದರೆ ಬೆಳೆ, ಅತಿಯಾದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಫೋರ್ಬ್ಸ್, ರಿಚರ್ಡ್‌ಸನ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುತ್ತ ಹೋದರು. ಮೇಲ್ನದಿಯಲ್ಲಿ ಬೇಸಿಗೆಯ ದಿನಗಳಲ್ಲಿ ಮೀನು ಉಸಿರಾಡುವಷ್ಟೂ ಅದು ಇರಲಿಲ್ಲ. ತಳದ ಕೆಸರನ್ನು ಎತ್ತಿ ನೋಡಿದರೆ, ಮೀನಿಗೆ ಮೇವಾಗುವ ಚಿಪ್ಪುಜೀವಿ, ಹುಳುಗಳು ಮಾಯವಾಗಿ ಕೊಳಚೆಯಲ್ಲೇ ಬದುಕುವ ಕೆಂಪು ಎರೆಗಳು ತುಂಬಿದ್ದವು. 1920ರ ಹೊತ್ತಿಗೆ ಈ ಕೇಡು ನದಿಯಗುಂಟ ಕೆಳಕ್ಕೆ ಪಿಯೋರಿಯಾವರೆಗೂ ಇಳಿದಿತ್ತು. ಹಳೆಯ ಲೆಕ್ಕವಿರದಿದ್ದರೆ ಮೀನುಗಾರರ ದುರಾಸೆಯಿಂದಲೇ ಮೀನು ಹೋಯಿತೆಂದು ಸುಲಭವಾಗಿ ಹೇಳಿಬಿಡಬಹುದಿತ್ತು.

ಇನ್ನೊಂದು ಪೆಟ್ಟು ಬಿದ್ದದ್ದು ನಮ್ಮಂಥ ಒಕ್ಕಲಿಗರ ಕಡೆಯಿಂದಲೇ. ತಗ್ಗಿನ ಕೆರೆಗಳಿಗೆ ಏರಿ ಹಾಕಿ, ಪಂಪಿನಿಂದ ನೀರು ಹೊರಹಾಕಿ, ಮುಸುಕಿನ ಜೋಳ ಬೆಳೆಯಲಾರಂಭಿಸಿದರು. ಕಪ್ಪು ಮಣ್ಣು, ಒಳ್ಳೆಯ ಫಸಲು. ರೈತರನ್ನು ದೂರುವುದು ಹೇಗೆ? ಆದರೆ ಮೀನು ಮೊಟ್ಟೆ ಇಡುವ ತಾಣ ಹೋಯಿತು. ಹವಾನಾ ಎದುರಿನ ಥಾಂಪ್‌ಸನ್ ಕೆರೆ, ಫೋರ್ಬ್ಸ್ ಅವರ ಜನ ವರ್ಷಗಟ್ಟಲೆ ನೀರು ತುಂಬಿ ಪರೀಕ್ಷಿಸಿದ್ದ ಕೆರೆ, 1920ರ ದಶಕದ ಮೊದಲ ವರ್ಷಗಳಲ್ಲಿ ಹೊಲವಾಯಿತು. ಅವರು ಅದನ್ನು ನೋಡಲು ಬದುಕಿದ್ದರು.

1917ರಲ್ಲಿ ಕೀಟ ತಜ್ಞರ ಕಚೇರಿಯೂ ಜೀವಿ ಪ್ರಯೋಗಾಲಯವೂ ಕೂಡಿ ಇಲಿನಾಯ್ ನಿಸರ್ಗ ಸಮೀಕ್ಷೆ ಎಂಬ ಒಂದೇ ಸಂಸ್ಥೆಯಾದವು. ಅದರ ಮುಖ್ಯಸ್ಥರಾಗಿ ಫೋರ್ಬ್ಸ್ ಕೊನೆಯವರೆಗೂ ದುಡಿದರು. 1930ರ ಮಾರ್ಚ್ 13ರಂದು, 85ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಅವರ ಕೇಂದ್ರ ಇಂದಿಗೂ ಹವಾನಾದಲ್ಲಿ ಅವರ ಹೆಸರಿನಲ್ಲೇ ನಡೆಯುತ್ತಿದೆ. 1957ರಲ್ಲಿ ಆ ನದಿಯಲ್ಲಿ ಹೊಸ ಎಣಿಕೆ ಶುರುವಾಯಿತು. ದೋಣಿಯಿಂದ ನೀರಿಗೆ ಹದವಾದ ವಿದ್ಯುತ್ ಹರಿಸಿ, ಮಂಕಾಗಿ ತೇಲಿದ ಮೀನನ್ನು ಎತ್ತಿ, ಅಳೆದು, ತೂಗಿ ಮತ್ತೆ ನೀರಿಗೆ ಬಿಡುತ್ತಾರೆ. ಕೊಳಚೆ ಶುದ್ಧಿ ಮಾಡುವ ಕಾಯಿದೆ 1972ರಲ್ಲಿ ಬಂದ ನಂತರ ಗೆಂಡೆ ಇಳಿದು ಬಾಸ್ ಮೀನು ಮರಳಿದ್ದನ್ನು ಈ ಎಣಿಕೆಯೇ ತೋರಿಸಿತು. 1990ರ ದಶಕದಿಂದ ನುಗ್ಗಿದ ಬೆಳ್ಳಿ ಗೆಂಡೆಯನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ದೊಡ್ಡದಾದರೂ ಕಿರುಜೀವಿಗಳನ್ನೇ ಸೋಸಿ ತಿನ್ನುವ ಈ ಮೀನು ಎಲ್ಲ ಮರಿಗಳ ತುತ್ತಿಗೂ ಕೈ ಹಾಕಿದೆ. ಥಾಂಪ್‌ಸನ್ ಕೆರೆಯ ಜಾಗವನ್ನು ಪ್ರಕೃತಿ ಸಂರಕ್ಷಣೆಯ ಸಂಸ್ಥೆಯೊಂದು 2000ದಲ್ಲಿ ಕೊಂಡುಕೊಂಡಿತು. 2007ರಲ್ಲಿ ಪಂಪುಗಳನ್ನು ನಿಲ್ಲಿಸಿದರು. ಎಂಬತ್ತು ವರ್ಷ ಜೋಳ ಬೆಳೆದಿದ್ದ ನೆಲದ ಮೇಲೆ ಮಳೆಯ ನೀರು ನಿಂತಿತು. ನಾಡಮೀನಿನ ಮರಿ ಬಿಟ್ಟರು, ಬಲೆ ಹಾಕಿ ಎಣಿಸಲು ಕುಳಿತರು.