ದಿಂಬಿನೊಳಗೆ ಅಡಗಿದ್ದ ಸುವಾರ್ತೆ: ಅಡೋನಿರಾಮ್ ಜಡ್ಸನ್ ಅಯ್ಯನವರ ಚರಿತ್ರೆ

ಸುವಾರ್ತೆಗಾಗಿ ಪರದೇಶಕ್ಕೆ ಹೋದವರ ಚರಿತ್ರೆಯನ್ನು ಓದುವಾಗ ನಾವು ಅವರು ಕೊಯ್ದ ಪೈರನ್ನು ಎಣಿಸುತ್ತೇವೆಯೇ ಹೊರತು, ಅದಕ್ಕೆ ಮುಂಚೆ ಅವರು ಹಾದುಹೋದ ಕತ್ತಲೆಯ ಕಣಿವೆಗಳನ್ನು ಹೆಚ್ಚಾಗಿ ನೆನೆಯುವದಿಲ್ಲ. ಬರ್ಮಾ ದೇಶದವರಿಗೆ ಅವರ ಸ್ವಭಾಷೆಯಲ್ಲಿ ಸಂಪೂರ್ಣ ಸತ್ಯವೇದವನ್ನು ಕೊಟ್ಟ ಜಡ್ಸನ್ ಅಯ್ಯನವರ ಜೀವಿತದಲ್ಲಿ ಏರುಗಳಿಗಿಂತ ಇಳಿತಗಳೇ ಹೆಚ್ಚು ಕಲಿಸುವಂಥವುಗಳು; ಆದಕಾರಣ ಅವುಗಳನ್ನು ಮರೆಮಾಡದೆ ಇಲ್ಲಿ ಹೇಳುತ್ತೇವೆ.

ಇವರು 1788ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. ಯೌವನದಲ್ಲಿ ತಂದೆಯ ನಂಬಿಕೆಯನ್ನು ತೊರೆದು ಕೆಲವು ಕಾಲ ಅಲೆದ ಮೇಲೆ ಕರ್ತನ ಕಡೆಗೆ ತಿರುಗಿಕೊಂಡರು. 1812ರ ಫೆಬ್ರವರಿಯಲ್ಲಿ, ಮದುವೆಯಾಗಿ ಎರಡು ವಾರಗಳಾದಾಗ, ಪತ್ನಿಯಾದ ಆನ್ ಅಮ್ಮನವರೊಂದಿಗೆ ಹಡಗನ್ನೇರಿದರು. ಆಗ ಅಯ್ಯನವರಿಗೆ 23 ವರುಷ, ಅಮ್ಮನವರಿಗೆ 22. ಪ್ರಯಾಣದಲ್ಲಿ ಸತ್ಯವೇದವನ್ನು ಶೋಧಿಸುತ್ತಿರಲಾಗಿ ದೀಕ್ಷಾಸ್ನಾನದ ವಿಷಯದಲ್ಲಿ ಅವರ ಅಭಿಪ್ರಾಯವು ಬದಲಾಯಿತು. ಕಲ್ಕತ್ತೆಗೆ ಬಂದು ಬ್ಯಾಪ್ಟಿಸ್ಟ್ ಸಭೆಯನ್ನು ಸೇರಿದ್ದರಿಂದ ತಮ್ಮನ್ನು ಕಳುಹಿಸಿದ ಸಂಘದ ಆಧಾರವನ್ನು ಬಿಡಬೇಕಾಯಿತು. ಕಂಪೆನಿ ಸರಕಾರದವರೂ ದೇಶದಲ್ಲಿ ನಿಲ್ಲಗೊಡಲಿಲ್ಲ. ಮದ್ರಾಸಿನಿಂದ ರಂಗೂನಿಗೆ ಹೋಗುವಾಗ ಅವರ ಚೊಚ್ಚಲ ಕೂಸು ಸತ್ತೇ ಹುಟ್ಟಿತು. ಹೀಗೆ ಬರಿಗೈಯವರಾಗಿ 1813ರ ಜುಲೈ 13ರಂದು ರಂಗೂನನ್ನು ಮುಟ್ಟಿದರು.

ಅಲ್ಲಿ ಭಾಷೆ ಕಲಿಸುವ ಪಂಡಿತನಿಗೆ ಇಂಗ್ಲಿಷು ತಿಳಿಯದು, ಇವರಿಗೆ ಬರ್ಮಾ ಮಾತು ತಿಳಿಯದು. ಒಂದೊಂದು ವಸ್ತುವನ್ನು ಬೆರಳಿನಿಂದ ತೋರಿಸಿ ಅದರ ಹೆಸರನ್ನು ಕೇಳಿ ಕಲಿತರು. ಎರಡನೆಯ ಮಗನು ಎಂಟು ತಿಂಗಳ ಕೂಸಾಗಿ 1816ರಲ್ಲಿ ತೀರಿಕೊಂಡನು. 1819ರಲ್ಲಿ ಅಯ್ಯನವರು ಆ ದೇಶದ ಪದ್ಧತಿಯಂತೆ ದಾರಿಯ ಪಕ್ಕದಲ್ಲಿ ಒಂದು ತಂಗುಮನೆಯನ್ನು ಕಟ್ಟಿಸಿ, ಹೋಗಿ ಬರುವವರೊಂದಿಗೆ ಕೂತು ಮಾತಾಡತೊಡಗಿದರು. ಅದೇ ವರುಷದ ಜೂನ್ 27ರಂದು ಮೌಂಗ್ ನಾವ್ ಎಂಬ ಬಡವನು ದೀಕ್ಷಾಸ್ನಾನ ಹೊಂದಿದನು. ಬಂದಿಳಿದು ಆರು ವರುಷಗಳಾಗುತ್ತಿರುವಾಗ ದೊರೆತ ಮೊದಲನೆಯ ವಿಶ್ವಾಸಿ ಇವನೇ.

1823ರಲ್ಲಿ ಹೊಸ ಒಡಂಬಡಿಕೆಯ ಭಾಷಾಂತರವು ಮುಗಿಯಿತು. ಬಳಿಕ ದಂಪತಿಗಳು ರಾಜಧಾನಿಯಾದ ಆವಾ ಪಟ್ಟಣಕ್ಕೆ ಹೋದರು. 1824ರಲ್ಲಿ ಇಂಗ್ಲಿಷರಿಗೂ ಬರ್ಮಾದವರಿಗೂ ಯುದ್ಧ ಹುಟ್ಟಲಾಗಿ, ಜೂನ್ ತಿಂಗಳಲ್ಲಿ ಅಯ್ಯನವರನ್ನು ಗೂಢಚಾರರೆಂಬ ಸಂಶಯದಿಂದ ಹಿಡಿದು ಕಾಲಿಗೆ ಬೇಡಿಗಳನ್ನು ತೊಡಿಸಿ ಸೆರೆಮನೆಯಲ್ಲಿ ಹಾಕಿದರು. ರಾತ್ರಿಯಲ್ಲಿ ಸೆರೆಯವರ ಕಾಲುಗಳ ನಡುವೆ ಬಿದಿರಿನ ಗಳವನ್ನು ತೂರಿಸಿ ಮೇಲಕ್ಕೆತ್ತುತ್ತಿದ್ದರು. ಗರ್ಭಿಣಿಯಾಗಿದ್ದ ಅಮ್ಮನವರು ಅಧಿಕಾರಿಗಳ ಬಾಗಲಿಂದ ಬಾಗಲಿಗೆ ಅಲೆದು ಬೇಡಿಕೊಂಡರು, ಸೆರೆಮನೆಗೆ ಅನ್ನವನ್ನು ಮುಟ್ಟಿಸಿದರು.

ಭಾಷಾಂತರದ ಕೈಬರಹವನ್ನು ಅಮ್ಮನವರು ಮೊದಲು ನೆಲದಲ್ಲಿ ಹೂಳಿಟ್ಟಿದ್ದರು. ಮಳೆಯಿಂದ ಕೆಟ್ಟೀತೆಂದು ಅದನ್ನು ತೆಗೆದು ಗಟ್ಟಿಯಾದ ಒಂದು ದಿಂಬಿನೊಳಗೆ ಹೊಲಿದರು. ಅಂಥ ಒರಟು ದಿಂಬನ್ನು ಯಾರೂ ಆಶಿಸರೆಂದು ಅವರ ಎಣಿಕೆ. ಅಯ್ಯನವರು ಸೆರೆಯಲ್ಲಿ ಅದರ ಮೇಲೆಯೇ ತಲೆಯಿಟ್ಟು ಮಲಗಿದರು. 1825ರ ಮೇ ತಿಂಗಳಲ್ಲಿ ಸೆರೆಯವರನ್ನು ಸುಡುವ ನೆಲದ ಮೇಲೆ ಬರಿಗಾಲಿನಲ್ಲಿ ಔಂಗ್‌ಪೆನ್ಲಾ ಎಂಬ ಹಳ್ಳಿಗೆ ನಡಿಸಿದಾಗ, ಕಾವಲುಗಾರರು ಅದನ್ನು ಕಸವೆಂದು ಎಸೆದರು. ಮೌಂಗ್ ಇಂಗ್ ಎಂಬ ಬರ್ಮಾದ ವಿಶ್ವಾಸಿಯು, ಒಳಗೇನಿದೆಯೆಂದು ಅರಿಯದೆ, ತನ್ನ ಗುರುವಿನ ಗುರುತಾಗಿರಲೆಂದು ಅದನ್ನು ಎತ್ತಿಟ್ಟುಕೊಂಡನು. ತಿಂಗಳುಗಳು ಕಳೆದ ಮೇಲೆ ಅದರೊಳಗಿಂದ ಹೊಸ ಒಡಂಬಡಿಕೆಯು ಕೆಡದೆ ಹೊರಬಂತು.

ಔಂಗ್‌ಪೆನ್ಲಾದಲ್ಲಿ ಅಮ್ಮನವರು ರೋಗದಿಂದ ಬಿದ್ದುಕೊಳ್ಳಲು, 1825ರ ಜನವರಿಯಲ್ಲಿ ಹುಟ್ಟಿದ್ದ ಮರಿಯಾ ಎಂಬ ಕೂಸಿಗೆ ಹಾಲಿಲ್ಲದೆ ಹೋಯಿತು. ಅಯ್ಯನವರು ಕಾವಲುಗಾರರ ಅಪ್ಪಣೆಯನ್ನು ಪಡೆದು, ಬೇಡಿಯ ಕಾಲಿನಲ್ಲೇ ಕೂಸನ್ನು ಎತ್ತಿಕೊಂಡು ಹಳ್ಳಿಯ ಮನೆಮನೆಗೂ ಹೋಗಿ ಎಳೆಮಕ್ಕಳ ತಾಯಂದಿರಲ್ಲಿ ಮೊಲೆಹಾಲನ್ನು ಬೇಡಿದರು. ಬೋಧಿಸಲು ಬಂದವರು ಭಿಕ್ಷುಕರಾದರು; ಆ ಹೆಂಗಸರು ಇಲ್ಲವೆನ್ನಲಿಲ್ಲ.

ಸುಮಾರು 17 ತಿಂಗಳ ಸೆರೆಯ ತರುವಾಯ ಬಿಡುಗಡೆಯಾಯಿತು. ಆದರೆ 1826ರ ಅಕ್ಟೋಬರ್ 24ರಂದು, ಅಯ್ಯನವರು ಬೇರೆ ಊರಿನಲ್ಲಿದ್ದಾಗ, ಆನ್ ಅಮ್ಮನವರು ಆಮ್‌ಹರ್ಸ್ಟಿನಲ್ಲಿ ತೀರಿಕೊಂಡರು. ಆರು ತಿಂಗಳೊಳಗೆ ಕೂಸೂ ತಾಯಿಯನ್ನು ಹಿಂಬಾಲಿಸಿತು. ಸೆರೆಮನೆಯು ಮುರಿಯದ ಹೃದಯವು ಈಗ ಮುರಿಯಿತು. ಅಯ್ಯನವರು ಜನರ ಸಹವಾಸವನ್ನು ಬಿಟ್ಟು ಕಾಡಿನಲ್ಲಿ ಗುಡಿಸಲನ್ನು ಹಾಕಿಕೊಂಡರು. ತಮಗಾಗಿ ಸಮಾಧಿಯ ಕುಣಿಯನ್ನು ತೋಡಿ ಅದರ ಪಕ್ಕದಲ್ಲಿ ಕೂತರು. ದೇವರು ತಮಗೆ ದೂರವಾದನೆಂದು ನೊಂದರು. ಇದನ್ನು ಅವರ ಅವಿಶ್ವಾಸವೆಂದು ಹಳಿಯಲು ನಮಗೆ ಮನಸ್ಸಿಲ್ಲ. ಭಕ್ತರ ಮನಸ್ಸೂ ದೇಹದಂತೆ ಗಾಯಪಡುವದು, ಮಾಯುವದಕ್ಕೆ ಕಾಲವೂ ಬೇಕು.

ಅದು ಮೆಲ್ಲಮೆಲ್ಲನೆ ಮಾಯಿತು. 1831ರ ಹೊತ್ತಿಗೆ ರಂಗೂನಿನ ದೊಡ್ಡ ಪಗೋಡದ ಜಾತ್ರೆಗೆ ಬಂದ ಜನರು ದೂರದೂರದಿಂದ ಅವರ ಮನೆಯನ್ನು ಹುಡುಕಿಕೊಂಡು ಬಂದು ಸುವಾರ್ತೆಯ ಪತ್ರಿಕೆಗಳನ್ನು ಕೇಳಿದರು. 1834ರ ಜನವರಿ 31ರಂದು ಸಂಪೂರ್ಣ ಸತ್ಯವೇದದ ಭಾಷಾಂತರವು ಮುಗಿಯಿತು. ಹಿಂದೆ ಅವರ ಮನೆಯಲ್ಲಿದ್ದ ಕೋ ಥಾ ಬ್ಯು ಎಂಬವನು, ದರೋಡೆಕಾರನಾಗಿದ್ದು ಸಾಲಕ್ಕೆ ಸಿಕ್ಕಿದ ಕರೆನ್ ಜಾತಿಯವನು, 1828ರಲ್ಲಿ ದೀಕ್ಷಾಸ್ನಾನ ಹೊಂದಿ ತನ್ನ ಜನರಿಗೆ ಸಾಯುವ ತನಕ ಸುವಾರ್ತೆಯನ್ನು ಸಾರಿದನು. ಅವರಲ್ಲಿ ಬಹು ಸಭೆಗಳು ಹುಟ್ಟಿದವು. ಅಯ್ಯನವರು 1850ರ ಏಪ್ರಿಲ್ 12ರಂದು ಸಮುದ್ರಯಾನದಲ್ಲಿ ತೀರಿಕೊಂಡರು. ಅವರಿಗೆ ಭೂಮಿಯ ಮೇಲೆ ಸಮಾಧಿಯಿಲ್ಲ. ಅವರ ಭಾಷಾಂತರವು ಇಂದಿಗೂ ಆ ದೇಶದ ಸಭೆಗಳಲ್ಲಿ ಓದಲ್ಪಡುತ್ತದೆ.

ಪ್ರಿಯರೇ, ಈ ಕೆಲಸವನ್ನು ಕಾಪಾಡಿದವರು ಯಾರೆಂದು ನೋಡಿರಿ. ದಿಂಬನ್ನು ಹೊಲಿದ ಹೆಂಡತಿ, ಹಾಲು ಕೊಟ್ಟ ಹಳ್ಳಿಯ ತಾಯಂದಿರು, ಕಸದೊಳಗಿಂದ ದಿಂಬನ್ನೆತ್ತಿದ ಒಬ್ಬ ಶಿಷ್ಯನು. ನಾವು ಮನೆ ಬಿಟ್ಟು ದೂರಕ್ಕೆ ಕಳುಹಿಸಿದ ಎಳೆಯ ಉಪದೇಶಿಗಳಿಗೂ ಇಳಿತದ ದಿನಗಳು ಬರುವವು. ಆಗ ಅವರು ತಮ್ಮ ದುಃಖವನ್ನು ಬರೆಯದೆ ಇದ್ದಾರು. ಫಲವೆಷ್ಟೆಂದು ಕೇಳುವದಕ್ಕೆ ಮುಂಚೆ ಕ್ಷೇಮವೇ ಎಂದು ಕೇಳೋಣ. ಒಂದು ಕಾಗದವನ್ನಾದರೂ, ಒಂದು ಹಿಡಿ ಅಕ್ಕಿಯನ್ನಾದರೂ, ಒಂದು ಪ್ರಾರ್ಥನೆಯನ್ನಾದರೂ ಕಳುಹಿಸೋಣ. ಕರ್ತನು ನಮಗೆ ಆ ಮನಸ್ಸನ್ನು ಕೊಡಲಿ.